ಬೇಯಿಸಿದ ಮೇಲೂ 'ರಾ' ಹೇಗಾಯ್ತು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಮನೆಯಲ್ಲೇ ನೂಲು ಬಿಚ್ಚುತ್ತೇವೆ. ಗೂಡನ್ನು ಬಿಸಿನೀರಲ್ಲಿ ಬೇಯಿಸಿಯೇ ಎಳೆ ತೆಗೆಯೋದು. ಆದರೂ ಅದಕ್ಕೆ 'ರಾ ಸಿಲ್ಕ್' ಅಂತಾರೆ. ರಾ ಅಂದರೆ ಹಸಿ ಅಲ್ವಾ?

ಉತ್ತರ: ಒಳ್ಳೇ ಕಡೆ ಹಿಡಿದಿದ್ದೀರಿ. ಶಾಲೆಯಲ್ಲಿ ನಮಗೆ 'ರಾ ಅಂದರೆ ಹಸಿ' ಅಂತ ಬಾಯಿಪಾಠ ಮಾಡಿಸಿದರು. ತೊಡಕು ಶುರುವಾಗೋದೇ ಅಲ್ಲಿ.

ನಮ್ಮ 'ಹಸಿ' ನೋಡುವುದು ನೀರಿನಂಶವನ್ನು. ಇನ್ನೂ ಆರಿಲ್ಲ, ಒಣಗಿಲ್ಲ ಅಂತ. ಇಂಗ್ಲಿಷಿನ 'ರಾ' ನೋಡುವುದು ಬಾಕಿ ಇರುವ ಕೆಲಸವನ್ನು. ತರಕಾರಿಗಾದರೆ ಆ ಕೆಲಸ ಬೇಯಿಸೋದು. ನಿಮ್ಮ ನೂಲಿಗೆ ಬೇರೆ.

ಬಿಚ್ಚಿದ ನೂಲನ್ನು ಬೆರಳಲ್ಲಿ ಹಿಡಿದು ನೋಡಿ. ಗಡಸಾಗಿರುತ್ತದೆ, ಹೊಳಪು ಕಮ್ಮಿ. ಎಳೆಯ ಸುತ್ತ ಸೆರಿಸಿನ್ ಅನ್ನೋ ಅಂಟು ಇರುತ್ತದೆ, ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ. ಗೂಡು ಬೇಯಿಸಿದಾಗ ಅದು ಮೆತ್ತಗಾಗುತ್ತದೆ ಅಷ್ಟೇ, ಪೂರ್ತಿ ಬಿಡುವುದಿಲ್ಲ. ಆಮೇಲೆ ಸೋಪಿನ ನೀರಲ್ಲಿ ಕುದಿಸಿದರೆ ಅಂಟು ಹೋಗಿ ರೇಷ್ಮೆ ನುಣುಪಾಗುತ್ತದೆ. ಹಳದಿ ಗೂಡಿನ ನೂಲಾದರೆ ಬಣ್ಣವೂ ಬಹುಪಾಲು ಅಂಟಿನ ಜೊತೆಗೇ ಇಳಿದುಹೋಗುತ್ತದೆ. ಆ ಕೆಲಸ ಆಗುವ ತನಕ ಅದು ರಾ. ಕನ್ನಡದಲ್ಲಿ ಕಚ್ಚಾ ರೇಷ್ಮೆ ಅನ್ನುತ್ತೇವಲ್ಲ, ಇಲ್ಲಿ ಸರಿಯಾದ ಜೋಡಿ 'ಕಚ್ಚಾ'. (ಜವಳಿ ಅಂಗಡಿಯಲ್ಲಿ ಒರಟು ನೇಯ್ಗೆಯ ಬಟ್ಟೆಗೂ ರಾ ಸಿಲ್ಕ್ ಅಂತಾರೆ. ಅದು ವ್ಯಾಪಾರದ ಮಾತು, ಬಿಡಿ.)

ರಾ ರೈಸ್ ಕೂಡ ಹೀಗೇ. ಅಕ್ಕಿ ಕಟಕಟ ಒಣಗಿರುತ್ತದೆ, ಹಸಿ ಎಲ್ಲಿಂದ ಬಂತು? ಕುಸುಬಲಕ್ಕಿಗೆ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಮಿಲ್ಲು ಮಾಡುತ್ತಾರೆ. ಬೇಯಿಸದೆ ಮಿಲ್ಲಿಗೆ ಹೋದದ್ದು ರಾ. ಶ್ರೀನಿವಾಸಪುರದ ಮಾವಿನಕಾಯಿ ರಾ ಮ್ಯಾಂಗೋ, ಏಕೆಂದರೆ ಹಣ್ಣಾಗೋದು ಬಾಕಿ. ಕೆಲಸಕ್ಕೆ ಹೊಸದಾಗಿ ಸೇರಿ ಇನ್ನೂ ಪಳಗದ ಹುಡುಗನೂ ರಾ.

ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದು ಉರಿಯುತ್ತಿದ್ದರೆ ಅದಕ್ಕೂ ರಾ ಅಂತಾರೆ. ಆದರೆ 'ರಾ ಡೀಲ್' ಅಂದರೆ ಹಸಿ ವ್ಯವಹಾರವಲ್ಲ, ಅನ್ಯಾಯ ಆಯ್ತು ಅಂತ. ಇದನ್ನು ಹಾಗೇ ನೆನಪಿಟ್ಟುಕೊಳ್ಳಬೇಕು, ಬೇರೆ ದಾರಿಯಿಲ್ಲ.

ಜಾಸ್ತಿ ಎಡವೋದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ. ಹಸಿ ಹಾಲು ರಾ ಮಿಲ್ಕ್, ಸರಿ. ಆದರೆ ಹಸಿ ಮೆಣಸಿನಕಾಯಿ ಗ್ರೀನ್ ಚಿಲ್ಲಿ. ಹಸಿ ಸೌದೆಯೂ ಗ್ರೀನ್, ಬಣ್ಣ ಯಾವುದೇ ಇರಲಿ. ಹಸಿ ಶುಂಠಿ ಫ್ರೆಶ್. ಹಸಿ ಗೋಡೆ ವೆಟ್ ಅಥವಾ ಡ್ಯಾಂಪ್. ಹಸಿ ಸುಳ್ಳನ್ನು ರಾ ಲೈ ಅಂದರೆ ಯಾರಿಗೂ ಅರ್ಥವಾಗದು, ಬ್ಲೇಟಂಟ್ ಲೈ ಅನ್ನಿ. ಇನ್ನು ಹಸಿ ಬಾಣಂತಿಗೆ ಮಾತ್ರ ದಯವಿಟ್ಟು ರಾ ಸೇರಿಸಬೇಡಿ. ನ್ಯೂ ಮದರ್ ಅಂದರೆ ಸಾಕು.