ಬೀಗ ಬಿದ್ದ ಮರಳು

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಅಥಬಾಸ್ಕಾ ನದಿಯ ಇಕ್ಕೆಲಗಳಲ್ಲಿ ಎಣ್ಣೆ ತುಂಬಿದ ಕಪ್ಪು ಮರಳು ಗೋಡೆಯ ಹಾಗೆ ನಿಂತಿದೆ. ಸಡಿಲ ಮರಳನ್ನು ಸುರಿದು ನೋಡಿ. ರಾಶಿ 30–35 ಡಿಗ್ರಿಗಿಂತ ಕಡಿದಾಗುವಷ್ಟರಲ್ಲಿ ಜಾರಿಬಿಡುತ್ತದೆ. ಇಲ್ಲಿ 50 ಡಿಗ್ರಿ ದಾಟಿದ ಇಳಿಜಾರುಗಳೂ ಇವೆ.

ಮರಳಿನ ಸಂದಿಯಲ್ಲಿರುವ ಎಣ್ಣೆ, ಅಂದರೆ ಡಾಂಬರಿನಂಥ ಬಿಟುಮೆನ್, ಅಂಟಿನ ಹಾಗೆ ಹಿಡಿದಿರಬೇಕು ಅಂತ ಅನಿಸುತ್ತದೆ, ಅಲ್ವಾ? ಆದರೆ ಬಿಟುಮೆನ್ ಎಷ್ಟೇ ಮಂದವಾಗಿದ್ದರೂ ದ್ರವವೇ. ವರ್ಷಗಟ್ಟಲೆ ಭಾರ ಬಿದ್ದರೆ ಮೆಲ್ಲಗೆ ಹರಿಯುತ್ತದೆ. ಗಟ್ಟಿತನ ಇರುವುದು ಮರಳಿನಲ್ಲಿ. 10 ಕೋಟಿ ವರ್ಷಕ್ಕೂ ಹಳೆಯ ಈ ಕಾಳುಗಳು ಭಾರಕ್ಕೆ ಒತ್ತಿಕೊಂಡು, ಒಂದರ ತಗ್ಗಿನಲ್ಲಿ ಇನ್ನೊಂದರ ಉಬ್ಬು ಕೂತು, ಲಾಕ್ ಆಗಿವೆ. ಡುಸೋ ಮತ್ತು ಮಾರ್ಗೆನ್‌ಸ್ಟರ್ನ್ ಎಂಬ ತಜ್ಞರು 1979ರಲ್ಲಿ ಇದಕ್ಕೆ ಇಟ್ಟ ಹೆಸರೂ ಅದೇ: ಬೀಗ ಬಿದ್ದ ಮರಳು.

ಎಣ್ಣೆಗಾಗಿ ಮೇಲುಮೇಲೆ ಇರುವ ಮರಳನ್ನು ಅಗೆದು ತೆಗೆಯುತ್ತಾರೆ. ಆಳದಲ್ಲಿರುವುದಕ್ಕೆ ಹಬೆ ಬೇಕು. ಎಂಜಿನಿಯರ್ ರೋಜರ್ ಬಟ್ಲರ್ 1970ರ ದಶಕದಲ್ಲಿ ಯೋಚಿಸಿದ ವಿಧಾನದಲ್ಲಿ ಎರಡು ಬಾವಿಗಳು ನೆಲದೊಳಗೆ ಅಡ್ಡಡ್ಡಲಾಗಿ, ಒಂದರ ಕೆಳಗೊಂದು ಸಾಗುತ್ತವೆ. ನಡುವೆ ಸುಮಾರು 5 ಮೀಟರ್ ಅಂತರ. ಮೇಲಿನದರಲ್ಲಿ ಹಬೆ ಬಿಡುತ್ತಾರೆ, ಕರಗಿದ ಎಣ್ಣೆ ಕೆಳಗಿನದಕ್ಕೆ ಇಳಿಯುತ್ತದೆ. ನೆಲದೊಳಗಿನ ತಂಪಿನಲ್ಲಿ ನೀರಿಗಿಂತ ಹತ್ತು ಲಕ್ಷ ಪಟ್ಟು ಮಂದವಾಗಿರಬಲ್ಲ ಬಿಟುಮೆನ್, 200 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬರೀ ಹತ್ತು ಪಟ್ಟಿನ ಆಸುಪಾಸಿಗೆ ಬಂದಿರುತ್ತದೆ.

ಬಹಳಷ್ಟು ವಿವರಣೆಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ಹಬೆಗೆ ಎಣ್ಣೆ ಮಾತ್ರ ಸಿಗುವುದಿಲ್ಲ, ಮರಳೂ ಸಿಗುತ್ತದೆ. ಬಿಸಿಯಾದ ಮರಳು ಹಿಗ್ಗಬೇಕು. ಅಕ್ಕಪಕ್ಕ ಜಾಗ ಇಲ್ಲ, ಹಾಗಾಗಿ ಬದಿಗಳನ್ನು ತಳ್ಳುತ್ತದೆ. ಅದೇ ಹೊತ್ತಿಗೆ ಸಂದಿಗಳಲ್ಲಿ ಒತ್ತಡ ಏರಿ, ಮೇಲಿನ ಭಾರದಲ್ಲಿ ಒಂದು ಪಾಲನ್ನು ದ್ರವವೇ ಹೊರುತ್ತದೆ. ಕಾಳುಗಳು ಪರಸ್ಪರ ಒತ್ತಿ ಹಿಡಿದಿದ್ದ ಹಿಡಿತ ಸಡಿಲವಾಗುತ್ತದೆ. ಕಡೆಗೊಮ್ಮೆ ಮರಳು ಜಾರಲೇಬೇಕು.

ಬೀಗ ಬಿದ್ದ ಕಾಳು ಸುಮ್ನೆ ಜಾರುವುದಿಲ್ಲ. ಪಕ್ಕದ ಕಾಳನ್ನು ಹತ್ತಿ ದಾಟಬೇಕು. ಎಲ್ಲ ಕಾಳುಗಳೂ ಹೀಗೆ ಹತ್ತಿದರೆ ಇಡೀ ಮರಳು ಉಬ್ಬುತ್ತದೆ. ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲೇ ಇದನ್ನು ವಿವರಿಸಿದ್ದರು. ಕಡಲ ದಂಡೆಯ ಒದ್ದೆ ಮರಳಲ್ಲಿ ಹೆಜ್ಜೆ ಇಟ್ಟಾಗ ಪಾದದ ಸುತ್ತ ಒಂದು ಕ್ಷಣ ಒಣಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಉಬ್ಬಿದ ಮರಳಿನ ಹೊಸ ಸಂದಿಗಳಿಗೆ ನೀರು ಇಳಿದಿರುತ್ತದೆ.

ಎಣ್ಣೆ ತೆಗೆಯುವವರಿಗೆ ಇದು ಲಾಭ. ಸಂದಿ ಅಗಲವಾದಷ್ಟೂ ಹಬೆಗೂ ಎಣ್ಣೆಗೂ ದಾರಿ ಸಲೀಸು. ಮೇಲೆ ನೆಲವೂ ಏಳುತ್ತದೆ, ಕೆಲವೆಡೆ ಹತ್ತಾರು ಸೆಂಟಿಮೀಟರ್. ಇದನ್ನು ಉಪಗ್ರಹದ ರಾಡಾರಿನಿಂದ ಅಳೆಯುತ್ತಾರೆ.

ಮರಳು ಎಷ್ಟು ಉಬ್ಬೀತು ಎಂದು ಮೊದಲೇ ಲೆಕ್ಕ ಹಾಕುವುದು ಮಾತ್ರ ತಲೆನೋವು. ಆಳದಿಂದ ಸ್ಯಾಂಪಲ್ ಮೇಲೆ ತರುವಾಗ ಒತ್ತಡ ಇಳಿಯುತ್ತದೆ. ಬಿಟುಮೆನ್‌ನಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗಿ ಹಿಗ್ಗಿ ಕಾಳುಗಳನ್ನು ದೂರ ತಳ್ಳುತ್ತದೆ. ಲ್ಯಾಬಿಗೆ ಬರುವಷ್ಟರಲ್ಲಿ ಬೀಗ ಕಳಚಿಯೇ ಹೋಗಿರುತ್ತದೆ. ಅದನ್ನು ಪರೀಕ್ಷಿಸಿದರೆ ಮರಳು ಇರುವುದಕ್ಕಿಂತ ಬಲಹೀನ ಎಂಬ ಉತ್ತರ ಸಿಗುತ್ತದೆ.

ಅಪಾಯ ಇರುವುದು ಮುಚ್ಚಳದಲ್ಲಿ. ಎಣ್ಣೆ ಮರಳಿನ ಮೇಲೆ ಹೊದಿಸಿದಂತಿರುವ ಜೇಡಿಬಂಡೆಯ ಪದರವೇ ಹಬೆಯನ್ನು ಕೆಳಗೆ ಹಿಡಿದಿಡಬೇಕು. ಕೆಳಗಿನ ಮರಳು ಉಬ್ಬಿ ಸರಿದಾಗ ಇದೂ ಬಾಗುತ್ತದೆ, ಎಳೆದಾಡಿದಂತಾಗುತ್ತದೆ. 2006ರ ಮೇ ತಿಂಗಳಲ್ಲಿ ಆಲ್ಬರ್ಟಾದ ಜಾಸ್ಲಿನ್ ಕ್ರೀಕ್‌ನಲ್ಲಿ ಹಬೆ ಈ ಮುಚ್ಚಳವನ್ನು ಸೀಳಿಕೊಂಡು ನೆಲದ ಮೇಲಕ್ಕೆ ನುಗ್ಗಿತು. ಕಲ್ಲು ಮಣ್ಣು ಹಾರಿ, ದೊಡ್ಡ ಹೊಂಡ ಬಿತ್ತು. ಅಲ್ಲಿ ಎಣ್ಣೆ ಮರಳು ಇದ್ದದ್ದು ಜಾಸ್ತಿ ಆಳದಲ್ಲಲ್ಲ, ಮುಚ್ಚಳವೂ ತೆಳು. ಆಮೇಲೆ ಇಂಥ ಕಡೆಗಳಲ್ಲಿ ಮುಚ್ಚಳದ ಬಂಡೆ ಎಷ್ಟು ತಡೆಯುತ್ತದೆ ಎಂದು ಮೊದಲು ಪರೀಕ್ಷಿಸಿ, ಅದಕ್ಕಿಂತ ಸಾಕಷ್ಟು ಕೆಳಗೆ ಹಬೆಯ ಒತ್ತಡಕ್ಕೆ ಮಿತಿ ಹಾಕುವುದು ಬಿಗಿಯಾಯಿತು.