ಅಟ್ಟದಲ್ಲಿ ಸಿಕ್ಕ ಹಳೆಯ ತೋಟಾಗಳನ್ನು ತಿಕ್ಕಿ ಇಟ್ಟುಕೊಳ್ಳಬಹುದೇ?

ಪ್ರಶ್ನೆ: ಶಿರಸಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಬ್ರಿಟಿಷರ ಕಾಲದ ಕೆಲವು ಕೋವಿ ತೋಟಾಗಳು (ಕಾಡತೂಸುಗಳು) ಸಿಕ್ಕಿವೆ. ಹುಣಸೆಹಣ್ಣಿನಿಂದ ತಿಕ್ಕಿ, ಸಂಗ್ರಹವಾಗಿ ಇಟ್ಟುಕೊಳ್ಳಬಹುದೇ?

ಉತ್ತರ: ದಯವಿಟ್ಟು ತಿಕ್ಕಬೇಡಿ, ಮದ್ದು ತುಂಬಿದ ತೋಟಾಗಳಾಗಿದ್ದರೆ ಮುಟ್ಟಲೂ ಬೇಡಿ. ಒಣಗಿರುವ ಕರಿಮದ್ದು ನೂರೈವತ್ತು ವರ್ಷವಾದರೂ ಉರಿಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ, ತಳದ ಕೇಪಿನಲ್ಲಿರುವ ಸಿಡಿಮದ್ದು ಇಂದಿಗೂ ಪೆಟ್ಟು ಬಿದ್ದರೆ ಸಿಡಿಯಬಲ್ಲದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ಉಪಯೋಗಕ್ಕೆ ಬಾರದ ಪುರಾತನ ಆಯುಧಗಳಿಗೆ ವಿನಾಯಿತಿ ಕೊಡುತ್ತದೆಯೇ ಹೊರತು ಮದ್ದಿರುವ ತೋಟಾಗಳಿಗಲ್ಲ. ತೋಟದ ಬೆಳೆ ಕಾಯಲು ಪಡೆದ ಕೋವಿಯ ಪರವಾನಗಿ ಇದಕ್ಕೂ ಸಾಲುತ್ತದೆಂದು ಭಾವಿಸಬಾರದು. ಅವುಗಳನ್ನು ಇದ್ದಲ್ಲಿಯೇ ಬಿಟ್ಟು ಪೊಲೀಸ್ ಠಾಣೆಗೆ ತಿಳಿಸಿ. ಖಾಲಿ ಕವಚ, ಬಿಡಿ ಗುಂಡುಗಳನ್ನೂ ಅಲ್ಲಿಯೇ ತೋರಿಸಿ, ಲಿಖಿತ ಒಪ್ಪಿಗೆ ಪಡೆದ ಮೇಲೆ ಇಟ್ಟುಕೊಳ್ಳುವುದು ಕ್ಷೇಮ.

ಹಾಗೆ ಉಳಿದವನ್ನು ಗುರುತಿಸುವುದೇ ಸಂಗ್ರಾಹಕನ ನಿಜವಾದ ಸುಖ. ಹಿಂಬದಿ ಟೊಳ್ಳಾದ, ಬೆರಳಿನಷ್ಟು ದಪ್ಪದ ಸೀಸದ ಗುಂಡು 1853ರ ಮಾದರಿಯ ಎನ್‌ಫೀಲ್ಡ್ ಕೋವಿಯದ್ದಿರಬಹುದು. ಅದರ ತೋಟಾದ ಹೊದಿಕೆ ಬರೀ ಕಾಗದ, 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು ಆ ಕಾಗದಕ್ಕೆ ಸವರಿದ್ದ ಕೊಬ್ಬು. ತೆಳ್ಳನೆಯ ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ, ತಳಕ್ಕೆ ಕಬ್ಬಿಣದ ಬಿಲ್ಲೆ ಜೋಡಿಸಿದ್ದರೆ ಅದು 1866ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಸ್ನೈಡರ್ ಕೋವಿಗೆಂದು ಬಾಕ್ಸರ್ ಎಂಬ ಅಧಿಕಾರಿ ರೂಪಿಸಿದ ಬಗೆ. ಕತ್ತು ಇದ್ದಕ್ಕಿದ್ದಂತೆ ಕಿರಿದಾಗುವ ದಪ್ಪ ಕವಚ 1871ರ ಮಾರ್ಟಿನಿ-ಹೆನ್ರಿ ಕೋವಿಯದ್ದು; ಅದರ ಗುಂಡೊಂದೇ ಸುಮಾರು 31 ಗ್ರಾಂ ತೂಗುತ್ತದೆ. ಆದರೆ ಈ ವರ್ಷಗಳನ್ನೇ ನಂಬಿ ನಿಮ್ಮ ಮನೆಯ ವಸ್ತುವಿನ ಕಾಲವನ್ನು ನಿರ್ಧರಿಸಬೇಡಿ, ಏಕೆಂದರೆ 1857ರ ನಂತರ ಭಾರತೀಯ ಸಿಪಾಯಿಗಳಿಗೆ ಬ್ರಿಟಿಷ್ ಸೈನಿಕರಿಗಿಂತ ಒಂದು ಪೀಳಿಗೆ ಹಿಂದಿನ ಕೋವಿಗಳನ್ನೇ ಕೊಡುತ್ತಿದ್ದರು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ, ಪುಣೆ ಬಳಿಯ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡು ಕಾರ್ಖಾನೆಯ ಅಕ್ಷರಗಳು ತಳದಲ್ಲಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡುವುದು ಒಳ್ಳೆಯದು.

ಹುಣಸೆಯ ಹುಳಿ ಮೊದಲು ತಿನ್ನುವುದು ಇಂಥ ಗುರುತುಗಳನ್ನೂ ಆ ತೆಳ್ಳನೆಯ ತಗಡನ್ನೂ. ಮೃದುವಾದ ಕುಂಚದಿಂದ ಧೂಳು ತೆಗೆದರೆ ಸಾಕು. ತೇವದ ಗಾಳಿಗೆ ಕಬ್ಬಿಣದ ತಳ ಬೇಗ ತುಕ್ಕು ಹಿಡಿಯುತ್ತದೆ. ಮರದ ಪೆಟ್ಟಿಗೆಯಿಂದ ಹೊರಡುವ ಹುಳಿ ಆವಿ ಸೀಸವನ್ನು ವಿಷದ ಬಿಳಿಪುಡಿಯಾಗಿಸುತ್ತದೆ. ಆದ್ದರಿಂದ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಮಳೆಗಾಲದಲ್ಲಿ ಪೊಟ್ಟಣವನ್ನು ಆಗಾಗ ಬದಲಿಸಿ.