ಮೊದಲ ಕ್ಲೋಸಪ್ ಯಾರದು?

ಐದಾರು ಕಲಾವಿದರಿರುವ ದೃಶ್ಯಕ್ಕೆ ಕ್ಯಾಮೆರಾ ಇಡುವ ಮುಂಚೆಯೇ ನಾನೊಂದು ಲೆಕ್ಕ ಹಾಕಿಕೊಂಡಿರುತ್ತೇನೆ: ಯಾರ ಕ್ಲೋಸಪ್ ಮೊದಲು, ಯಾರದು ಕೊನೆಗೆ. ಲೈಟಿಂಗ್ ಪದೇ ಪದೇ ಬದಲಿಸುವುದು ತಪ್ಪಲಿ ಎಂದು ಒಂದು ದಿಕ್ಕಿನ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸುವುದು ರೂಢಿ. ಯಾವ ದಿಕ್ಕು ಮೊದಲು ಎಂಬುದನ್ನು ಮಾತ್ರ ನಾನು ಕಲಾವಿದರನ್ನು ನೋಡಿ ತೀರ್ಮಾನಿಸುತ್ತೇನೆ.

ಕೆಲವರು ಮೊದಲ ಟೇಕ್‌ನಲ್ಲೇ ಎಲ್ಲವನ್ನೂ ಕೊಟ್ಟುಬಿಡುತ್ತಾರೆ. ಮೂರನೆಯದರ ಹೊತ್ತಿಗೆ ತಾವು ಆಗಲೇ ಮಾಡಿದ್ದನ್ನು ನೆನಪಿಸಿಕೊಂಡು ಒಪ್ಪಿಸತೊಡಗುತ್ತಾರೆ. ಇನ್ನು ಕೆಲವರಿಗೆ ಪಾತ್ರ ಮೈಗೆ ಹತ್ತುವುದೇ ಐದನೇ ಟೇಕ್‌ಗೆ. ಇಂಥ ಇಬ್ಬರು ಎದುರುಬದುರು ಕೂತರೆ ಮೊದಲ ಬಗೆಯವರ ಕ್ಲೋಸಪ್ ಮೊದಲು ತೆಗೆಯಬೇಕು. ಅಷ್ಟರಲ್ಲಿ ಎರಡನೆಯವರು ಕ್ಯಾಮೆರಾ ಪಕ್ಕದಲ್ಲಿ ಕೂತು ತಮ್ಮ ಸಂಭಾಷಣೆ ಹೇಳುತ್ತಾ ಹೇಳುತ್ತಾ ಹದಕ್ಕೆ ಬಂದಿರುತ್ತಾರೆ.

ಪಕ್ಕದಲ್ಲಿ ಕೂತು ಕ್ಯೂ ಕೊಡುವ ಈ ಕೆಲಸವೇ ಒಂದು ತಂಡದ ನಿಜವಾದ ಪರೀಕ್ಷೆ. ತಮ್ಮ ಶಾಟ್ ಮುಗಿದ ತಕ್ಷಣ ಕ್ಯಾರವಾನ್ ಸೇರಿಕೊಳ್ಳುವವರಿದ್ದಾರೆ. ಅವರ ಮಾತನ್ನು ಸಹಾಯಕ ನಿರ್ದೇಶಕ ಹಾಜರಿ ಕರೆದಂತೆ ಓದಿ ಹೇಳುತ್ತಾನೆ, ಪಾಪ. ಎದುರಿನ ನಟಿಯ ಕಣ್ಣಿಗೆ ಆಸರೆಯೇ ಇಲ್ಲದಂತಾಗುತ್ತದೆ. ಅದು ಪರದೆಯ ಮೇಲೆ ಗೊತ್ತಾಗದೆ ಇರುವುದಿಲ್ಲ.

ಮನೆ ಮಾರಿದ್ದನ್ನು ತಾಯಿ ಮಗನಿಗೆ ಹೇಳುವ ದೃಶ್ಯವೊಂದಿತ್ತು. ತಾಯಿಯ ಕ್ಲೋಸಪ್. ಫ್ರೇಮ್‌ನ ಆಚೆ ಇದ್ದ ಮಗನ ಪಾತ್ರಧಾರಿ ‘ಹೂಂ’ ಅನ್ನುವ ಮುಂಚೆ, ರಿಹರ್ಸಲ್‌ನಲ್ಲಿ ಇಲ್ಲದಷ್ಟು ಹೊತ್ತು ಸುಮ್ಮನಿದ್ದ. ಆಕೆಯ ಕೈಯಲ್ಲಿದ್ದ ಲೋಟ ಕೆಳಗಿಳಿಯಲಿಲ್ಲ. ಇಡೀ ದೃಶ್ಯವನ್ನು ಅಗಲವಾಗಿ ಹಿಡಿದ ಮಾಸ್ಟರ್ ಶಾಟ್‌ನಲ್ಲಿ ಅದೇ ಮಾತಿಗೆ ಲೋಟ ಮೇಜಿನ ಮೇಲಿತ್ತು. ಒಂದು ಶಾಟ್‌ಗೂ ಇನ್ನೊಂದಕ್ಕೂ ಹೊಂದಿಕೆ ನೋಡುವ ಕಂಟಿನ್ಯುಟಿಯವರು ಹಣೆ ಚಚ್ಚಿಕೊಂಡರು, ಸಂಕಲನಕಾರರು ಗೊಣಗಿದರು. ನಾನು ಆ ಟೇಕನ್ನೇ ಉಳಿಸಿಕೊಂಡೆ. ಲೋಟ ಕಾಣುವ ಅಗಲದ ಶಾಟ್‌ಗೆ ಹಿಂತಿರುಗದಿದ್ದರೆ ಮುಗಿಯಿತು.

ರಂಗಭೂಮಿಯಿಂದ ಬಂದವರಿಗೆ ‘ಕಡಿಮೆ ಮಾಡಿ’ ಎಂದಷ್ಟೇ ಹೇಳಿದರೆ ಸಪ್ಪೆಯಾಗುತ್ತಾರೆ. ಕೊನೆಯ ಸಾಲಿಗೆ ಕೇಳಿಸಬೇಕೆಂದು ಪಳಗಿದ ದನಿ ಅದು. ಅವರಿಗೆ ನಾನು ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಮೂಕಿ ಚಿತ್ರಗಳ ಕಾಲದಲ್ಲಿ ಮಾಡಿದ ಪ್ರಯೋಗದ ಕಥೆ ಹೇಳುತ್ತೇನೆ. ನಟನೊಬ್ಬನ ಒಂದೇ ಮುಖಭಾವದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಇನ್ನೊಮ್ಮೆ ಶವಪೆಟ್ಟಿಗೆ ಜೋಡಿಸಿದರೆ ನೋಡುಗರಿಗೆ ಒಮ್ಮೆ ಹಸಿವು, ಇನ್ನೊಮ್ಮೆ ದುಃಖ ಕಂಡಿತಂತೆ. ಅರ್ಧ ಕೆಲಸವನ್ನು ಪಕ್ಕದ ಶಾಟ್ ಮಾಡಿಕೊಡುತ್ತದೆ ಎಂಬ ಧೈರ್ಯ ಬಂದರೆ ಭುಜ ತಾನಾಗಿ ಸಡಿಲವಾಗುತ್ತದೆ.

ಸೂಚನೆ ಕೊಡುವಾಗ ‘ಬೇಜಾರಲ್ಲಿ ಹೇಳಿ’ ಅನ್ನುವುದು ದಂಡ. ‘ಅವನು ಎದ್ದು ಹೋಗದಂತೆ ತಡೆಯಿರಿ’ ಅಂದರೆ ಮಾಡಲು ಏನೋ ಸಿಕ್ಕಂತಾಯಿತು. ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್ಸ್ಕಿಯ ಕಾಲದಿಂದ ನಟರು ಪಾತ್ರಕ್ಕೆ ಏನು ಬೇಕು ಎಂದು ಕೇಳಿಕೊಳ್ಳುತ್ತಲೇ ಬಂದಿದ್ದಾರೆ. ಮಾನಿಟರ್ ಹತ್ತಿರ ಕೂತು ಮೈಕಿನಲ್ಲಿ ಕೂಗುವ ಬದಲು ಎದ್ದುಹೋಗಿ ಕಿವಿಯಲ್ಲಿ ಹೇಳುವುದು ವಾಸಿ. ಕೆಲವೊಮ್ಮೆ ಒಬ್ಬರಿಗೆ ಮಾತ್ರ ಹೇಳಿ ಇನ್ನೊಬ್ಬರನ್ನು ಕತ್ತಲಲ್ಲಿಡುತ್ತೇನೆ. ನಾನೇ ನಟಿಸಿ ತೋರಿಸುವುದಂತೂ ಇಲ್ಲ. ತೋರಿಸಿದರೆ ನನ್ನ ಕೆಟ್ಟ ನಟನೆಯ ನಕಲೇ ಸಿಗುತ್ತದೆ.

ಒಂದೇ ಮಾತಿರುವ ಪಾತ್ರಧಾರಿಗಳದ್ದು ಬೇರೆ ಕಷ್ಟ. ಬೆಳಗ್ಗೆಯಿಂದ ಮೇಕಪ್ ಹಾಕಿಕೊಂಡು ಕಾದು, ಆ ಒಂದು ಸಾಲನ್ನು ಮನಸ್ಸಿನಲ್ಲಿ ಉರುಹೊಡೆದು, ಸಂಜೆ ಕ್ಯಾಮೆರಾ ಮುಂದೆ ಬರುವ ಹೊತ್ತಿಗೆ ಕಟ್ಟಿಗೆಯಾಗಿರುತ್ತಾರೆ. ಹೀಗಾಗಿ ಅವರ ಶಾಟ್ ಆದಷ್ಟು ಊಟದ ಬ್ರೇಕ್‌ಗೆ ಮುಂಚೆ ಇಟ್ಟುಕೊಳ್ಳುತ್ತೇನೆ. ನಾಯಕ ನಟರನ್ನು ಕಾಯಿಸುತ್ತೀರಿ ಎಂದು ಮ್ಯಾನೇಜರ್ ಸಿಡುಕುವುದು ಇದ್ದದ್ದೇ.